ಖಾಲಿ ಜಾಗದ ಗುಟುಕು

ಸಲೋಮಿ ನನ್ನನ್ನು ಅಂಟವಾಳದ ನೀರಿನಲ್ಲಿ ಅದ್ದಿ ಉಜ್ಜುತ್ತಿದ್ದಾಳೆ. ಮೈಯೆಲ್ಲ ಹೊಳೆಯುತ್ತಿದೆ, ಅಂಚಿನಲ್ಲಿರುವ ತುಟಿಯಗಲದ ಕಪ್ಪು ಕಲೆ ಮಾತ್ರ ಹೋಗುತ್ತಿಲ್ಲ.

ನಾನು ಗದಗಿನ ಕಡೆಯ ಒಂದು ಚರ್ಚಿನ ಪ್ರಭುಭೋಜನದಲ್ಲಿ ಎಲ್ಲರೂ ದ್ರಾಕ್ಷಾರಸ ಗುಟುಕರಿಸುವ ಪಾತ್ರೆ. ಸಭೆಯ ಹೆಂಗಸರು ಕೊಟ್ಟ ಬೆಳ್ಳಿಯ ಕಾಲುಂಗುರ, ಕಡಗಗಳನ್ನು ಕರಗಿಸಿ ಅಕ್ಕಸಾಲಿಗ ನನ್ನನ್ನು ಮಾಡಿದ. ಎಷ್ಟೋ ಪಾದ್ರಿಗಳ ಕೈ ದಾಟಿದ್ದೇನೆ. ಕುಡುಕನ ತುಟಿ, ಸುಳ್ಳಾಡಿದ ತುಟಿ, ಬಾಣಂತಿಯ ತುಟಿ, ಎಲ್ಲವೂ ನಡುಗುತ್ತಲೇ ನನ್ನನ್ನು ಮುಟ್ಟಿವೆ.

ಜಗಳವಾಡಿದವರು ಭೋಜನದ ಹಿಂದಿನ ದಿನ ಒಬ್ಬರ ಮನೆಗೊಬ್ಬರು ಹೋಗಿ ಕೈಹಿಡಿದು ಸಮಾಧಾನವಾಗಬೇಕು. ಇದು ನಮ್ಮ ಸಭೆಯ ರೂಢಿ. ಹಾಗೆ ಒಂದು ಶನಿವಾರ, ಸೊಸೆಯೊಡನೆ ಮಾತು ಬಿಟ್ಟಿದ್ದ ಅತ್ತೆ ರಾಹೇಲಮ್ಮ ಸಲೋಮಿಯ ಬಾಗಿಲು ಬಡಿದಳು. ಸಲೋಮಿ ಒಳಗಿನಿಂದಲೇ, "ಪ್ರಾರ್ಥನಾಕ್ಕ ಕುಂತೀನಿ, ಆಮ್ಯಾಲೆ ಬರ್ರಿ" ಎಂದಳು. ಮೊಣಕಾಲೂರಿದ್ದು ನಿಜ. ಪ್ರಾರ್ಥನೆ ಮಾತ್ರ ಬಾಯಿಗೆ ಬರಲಿಲ್ಲ. ನನ್ನನ್ನು ತೊಳೆಯುವಾಗ ಇದನ್ನು ಅವಳೇ ಪಿಸುಗುಟ್ಟಿದ್ದಾಳೆ. ಭಾನುವಾರದ ಗಂಟೆ ಬಾರಿಸುವ ಮೊದಲೇ ರಾಹೇಲಮ್ಮ ತೀರಿಕೊಂಡಳು.

ಅಂದಿನಿಂದ ಸಲೋಮಿ ಒಂದು ಆರಾಧನೆಯನ್ನೂ ತಪ್ಪಿಸಿಲ್ಲ. ಆದರೆ ಪಾದ್ರಿ ನನ್ನನ್ನು ಅವಳ ಮುಂದೆ ಹಿಡಿದಾಗ ತಲೆ ತಗ್ಗಿಸುತ್ತಾಳೆ, ಕುಡಿಯುವುದಿಲ್ಲ. ಅವಳನ್ನು ದಾಟಿದರೆ, ಅವಳ ಎಡಕ್ಕೆ, ರಾಹೇಲಮ್ಮ ಮೊಣಕಾಲೂರುತ್ತಿದ್ದ ಜಾಗ. ಅಲ್ಲಿ ಯಾರೂ ಕೂರುವುದಿಲ್ಲ. ಅದನ್ನು ದಾಟುವಾಗ ಪಾದ್ರಿಯ ಕೈ ತಾನಾಗಿ ನಿಲ್ಲುತ್ತದೆ. ತಣ್ಣಗಿನ ತುಟಿಯೊಂದು ನನ್ನ ಅಂಚಿಗೆ, ಈ ಕಪ್ಪು ಇರುವಲ್ಲೇ, ತಾಗುತ್ತದೆ. ದ್ರಾಕ್ಷಾರಸ ಒಂದು ಗುಟುಕು ಕಡಿಮೆಯಾಗುತ್ತದೆ.

"ವೈನಿ, ಇನ್ನೆಷ್ಟ್ ತಿಕ್ಕತೀರಿ? ತೂತು ಬಿದ್ದೀತು!" ಹೂವಿನ ಬುಟ್ಟಿ ಹಿಡಿದು ಬಂದ ನಾದಿನಿ ದೇವಮಣಿ ನಕ್ಕಳು. "ನಾಳಿಗೆ ಇದರ ಪಾಳಿ ಮುಗೀತು. ಮುಂದಿನ ಸಲದಿಂದ ಎಲ್ಲಾರಿಗೂ ಸಣ್ಣ ಗಾಜಿನ ಬಟ್ಟಲ. ಯಾರ ಎಂಜಲಾನೂ ಯಾರಿಗೂ ಇಲ್ಲ."

"ಇದನ್ನೇನ್ ಮಾಡ್ತಾರ?"

"ಕಪಾಟಿನ್ಯಾಗ ಕುಂದರಸ್ತಾರ, ಮುದುಕೀನ್ನ ಕುಂದರಿಸಿದಂಗ." ಅವಳ ದನಿ ತಗ್ಗಿತು. "ವೈನಿ, ನಾಳೆ ಅವ್ವನ ಜಾಗದಾಗ ನಾ ಕುಂದರ್ಲೇನು? ಖಾಲಿ ನೋಡಿದ್ರ ಮೈ ಜುಮ್ ಅಂತೈತಿ."

"ಬ್ಯಾಡ." ಸಲೋಮಿಯ ಕೈ ನಿಂತಿತು. "ಅದು ಖಾಲಿ ಇರ್ಲಿ."

ಮನಸ್ಸು ತೊಳೆದುಕೊಂಡು ಬರುತ್ತೇನೆಂದು ಕಾದು ಕಾದು ಬಾಯಾರಿಯೇ ಹೋದವರನ್ನು ನಾನು ಬಹಳ ಕಂಡಿದ್ದೇನೆ. ತೊಳೆದು ಮುಗಿಯುವ ಮನುಷ್ಯರು ಯಾರಿದ್ದಾರೆ?

ಸಲೋಮಿ ಕಪ್ಪನ್ನು ಉಜ್ಜುವುದು ಬಿಟ್ಟು ನನ್ನನ್ನು ಒರೆಸಿಟ್ಟಳು. ಭೋಜನಕ್ಕೆ ಮೊಣಕಾಲೂರುವ ಕಟಕಟೆಯ ಬಳಿ ಹೋಗಿ ತನ್ನ ಮೊಣಕಾಲಿನ ದಿಂಬನ್ನು ಎತ್ತಿ, ಖಾಲಿ ಜಾಗದ ಆಚೆ ಬದಿಗೆ ಹಾಕಿದಳು. ನಾಳೆ ನಾನು ಮೊದಲು ಅತ್ತೆಯ ಮುಂದೆ ನಿಲ್ಲುತ್ತೇನೆ, ಆಮೇಲೆ ಅವಳ ಎಂಜಲಿನೊಡನೆ ಸೊಸೆಯ ಮುಂದೆ.

"ಯಾಕ್ರೀ ವೈನಿ, ಅಲ್ಲಿಗೆ?"

"ಈ ಕಡೆ ಗಾಳಿ ಭಾಳ" ಎಂದಳು ಸಲೋಮಿ.