ಪರಪ್ಪ ಕಾಯುವ ಬಾಗಿಲು

ಮುಂಬಯಿಯ ಭಾಂಡುಪ್ಪಿನ ಆ ಚಾಳಿನಲ್ಲಿ ರಾಚವ್ವನ ಗತ್ತು ಏನು ಕೇಳುತ್ತೀರಿ! ಅವಳ ತಮ್ಮ ಪರಪ್ಪ ಸಯನ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್. ಅದೂ ತುರ್ತು ರೋಗಿಗಳನ್ನು ನೋಡುವ ಕ್ಯಾಜುವಾಲ್ಟಿಯ ಬಾಗಿಲಲ್ಲೇ ಅವನ ಡ್ಯೂಟಿ. ವಿಜಾಪುರದ ಹುಡುಗ ಖಾಕಿ ತೊಟ್ಟು ಅಲ್ಲಿ ನಿಂತದ್ದೇ ತಡ, ಚಾಳಿನ ಕೆಮ್ಮು, ನೆಗಡಿ, ಹೊಟ್ಟೆನೋವೆಲ್ಲ ಲೋಕಲ್ ರೈಲು ಹತ್ತಿ ಅಲ್ಲಿಗೇ ಹೊರಡತೊಡಗಿದವು. "ನನ್ನ ತಮ್ಮ ಅದಾನ, ಯಾರು ತಡೀತಾರ?" ಎಂದು ರಾಚವ್ವ ಎಲ್ಲರಿಗೂ ಅಭಯ ಕೊಟ್ಟಿದ್ದಳು. ಮುನಿಸಿಪಾಲ್ಟಿ ದವಾಖಾನೆ ಪಕ್ಕದ ಓಣಿಯಲ್ಲೇ ಇತ್ತು, ಇಲ್ಲವೆಂದಲ್ಲ. ಆದರೆ ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?

ಎಪ್ಪತ್ತೆರಡರ ಬೇಸಿಗೆಯಲ್ಲಿ ನೆರೆಮನೆಯ ನೀಲಾಬಾಯಿಗೆ ಉಗುರುಸುತ್ತಾಯಿತು. ಬೆರಳು ಬಾತು ಕೆಂಪಗಾಗಿತ್ತು. ರಾಚವ್ವ ಇಳಕಲ್ ಸೀರೆ ಉಟ್ಟು ಅವಳನ್ನು ಹೊರಡಿಸಿದಳು. ಹಿಂದೆ ಇನ್ನೂ ಐದು ಹೆಂಗಸರು. ನಮ್ಮವರು ಬೇನೆ ಬಿದ್ದವರನ್ನು ಒಂಟಿಯಾಗಿ ಕಳಿಸುವುದುಂಟೆ? ಒಂದು ಬೆರಳಿನ ಸಲುವಾಗಿ ದೊಡ್ಡ ದಿಬ್ಬಣವೇ ಹೊರಟಿತು.

ಬಾಗಿಲಲ್ಲಿ ಪರಪ್ಪ ಬೆರಳು ನೋಡಿದ, ಅಕ್ಕನ ಮುಖ ನೋಡಿದ.

"ಯಕ್ಕಾ, ಇದು ಇಲ್ಲಿ ಬ್ಯಾಡ. ಇಂಥಾವೆಲ್ಲಾ ಅವರವರ ಏರಿಯಾದ ದವಾಖಾನಿಗೆ ಕಳಸಂತ ಡಾಕ್ಟರು ಹೊಸಾ ಕಾನೂನು ಮಾಡ್ಯಾರ. ಇಲ್ಲಿ ಜೀವಕ್ಕ ಕುತ್ತು ಬಂದವ್ರನ್ನಷ್ಟ ನೋಡ್ತಾರ."

"ಯಾರಿಗೆ ಹೇಳಾಕತ್ತೀಯೋ? ನಾ ನಿನ್ನ ಅಕ್ಕ!"

"ನಿನ್ನ ಬಿಟ್ರ ನಾಳಿ ಮಂದಿನ್ನ ಯಾವ ಮುಖ ಇಟ್ಕೊಂಡು ತಡೀಲಿ?"

ರಾಚವ್ವನಿಗೆ ಮೈಯೆಲ್ಲ ಉರಿದುಹೋಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಇವತ್ತು ಚಾಳಿನ ಹೆಂಗಸರ ಮುಂದೆ ತನ್ನ ಮಾನ ಕಳೆಯಿತಲ್ಲ! ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಹೆಂಗಸರೂ ಅವಳ ಸುತ್ತ ಗುಂಪುಗಟ್ಟಿ ನಿಂತರು.

ಅಷ್ಟರಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಕಟ್ಟಡದ ಮೇಲಿಂದ ಬಿದ್ದ ಕೂಲಿಯವನನ್ನು ನಾಲ್ವರು ಹೊತ್ತು ತಂದರು. ತಲೆಗೆ ಸುತ್ತಿದ ಬಟ್ಟೆ ರಕ್ತದಲ್ಲಿ ತೊಯ್ದಿತ್ತು. ಹಿಂದೆ ಅವನ ಹೆಂಡತಿ, ನಮ್ಮದೇ ಮಾತಿನಲ್ಲಿ, "ಎಪ್ಪಾ, ದಾರಿ ಬಿಡ್ರಿ! ಕೈ ಮುಗೀತೀನಿ, ದಾರಿ ಬಿಡ್ರಿ!" ಎಂದು ಗೋಳಾಡುತ್ತಿದ್ದಳು. ಹೊತ್ತವರು ಬಾಗಿಲಲ್ಲೇ ತಡವರಿಸಿ ನಿಂತರು. ದಾರಿಗೆ ಅಡ್ಡವಾಗಿದ್ದದ್ದು ಬೇರೆ ಯಾರೂ ಅಲ್ಲ, ರಾಚವ್ವನ ದಿಬ್ಬಣ.

ರಾಚವ್ವ ತಟ್ಟನೆ ಪಕ್ಕಕ್ಕೆ ಸರಿದಳು. "ಸರೀರಿ! ಗ್ವಾಡಿಗಿ ಹತ್ತಿ ನಿಂದರ್ರಿ!" ಎಂದು ಕೂಗುತ್ತ ಎರಡೂ ಕೈಯಿಂದ ಹೆಂಗಸರನ್ನು ಗೋಡೆಯ ಕಡೆ ನೂಕಿದಳು. ಪರಪ್ಪ ಗಾಯಾಳುವನ್ನು ಹೊರಲು ಕೈಗೊಟ್ಟು ಒಳಗೆ ಓಡಿದ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಕೂಲಿಯವನ ಹೆಂಡತಿಯ ಕೈ ಹಿಡಿದು ರಾಚವ್ವ ಹೊರಗೆ ಕೂತಳು. ಬಹಳ ಹೊತ್ತಿನ ಮೇಲೆ ಪರಪ್ಪ ಬಂದ. "ಉಳಕೊಂಡ, ಯಕ್ಕಾ. ಇನ್ನೊಂದೀಟು ತಡಾ ಆಗಿದ್ರ ಉಳೀತಿದ್ದಿಲ್ಲ ಅಂದ್ರು ಡಾಕ್ಟರು." ಅವನ ಖಾಕಿಯ ಮೇಲೆ ರಕ್ತವಿತ್ತು. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಅವಳಿಗೆ ಅಳುವೂ ಬಂತು, ಹೆಮ್ಮೆಯೂ ಆಯಿತು.

ನೀಲಾಬಾಯಿಯ ಬೆರಳಿನ ಕೀವು ಪಕ್ಕದ ಓಣಿಯ ದವಾಖಾನೆಯಲ್ಲೇ ತೆಗೆದರು.

ಮರುದಿನ ನಲ್ಲಿಯ ಹತ್ತಿರ ಅದೇ ಚಾಳಿನ ಗಂಗುಬಾಯಿ ಕೆಮ್ಮುತ್ತ ಕೆಣಕಿದಳು. "ಏನ್ ರಾಚವ್ವಾ, ತಮ್ಮ ಒಳಗ ಬಿಡಲಿಲ್ಲಂತ?"

ನೀರಿಗೆ ಬಂದವರೆಲ್ಲ ರಾಚವ್ವನ ಕಡೆ ತಿರುಗಿದರು. ಅವಳು ಕೊಡ ಕೆಳಗಿಟ್ಟು ಎದೆ ಸೆಟೆಸಿ ನಿಂತಳು.

"ಬಿಡಲಿಲ್ಲ! ಒಡಹುಟ್ಟಿದ ಅಕ್ಕನ್ನ ಬಾಗಲದಾಗ ನಿಂದರಿಸಿದ. ಅಂಥಾಂವ ನನ್ನ ತಮ್ಮ! ನನ್ನ ಬಿಡದಾಂವ ನಿನ್ನ ಬಿಡ್ತಾನೇನ? ನಡಿ, ಬಾಜೂ ಓಣಿ ದವಾಖಾನಿಗೆ ನಾನೂ ಬರ್ತೀನಿ."

ಉಳಿದ ಹೆಂಗಸರೂ ಕೊಡ ಬಿಟ್ಟು ಎದ್ದರು.

"ನೀವೆಲ್ಲಿಗಿ? ಕೂಡ್ರಿ," ಎಂದಳು ರಾಚವ್ವ. "ಒಂದು ಕೆಮ್ಮಿಗೆ ಇಬ್ಬರು ಸಾಕು."