ಕಡ ತಂದ ಶಾಸ್ತ್ರ

ಇನ್ನೊಂದು ಬಸಿರು ಜಾಹ್ನವಿಯ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು. ಎರಡು ಸಿಸೇರಿಯನ್ ಆದ ಹೊಟ್ಟೆಯನ್ನು ಮತ್ತೆ ಕುಯ್ಯುವುದಕ್ಕಿಂತ ಗಂಡನಿಗೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡುವುದು ಸುಲಭ, ಅರ್ಧ ಗಂಟೆಯ ಕೆಲಸ ಎಂದೂ ಅವರೇ ಹೇಳಿದ್ದರು. ಅಲ್ಲಿ ಹೂಂ ಎಂದು ಬಂದ ರಾಕೇಶ್, ಆಮೇಲೆ ಆ ಮಾತು ಬಂದಾಗಲೆಲ್ಲ ಆಫೀಸಿನ ಆಡಿಟ್ ಅಡ್ಡ ಹಿಡಿಯುತ್ತಿದ್ದ. ಈಗ ಹಾಳು ಆಡಿಟ್ ಮುಗಿದುಹೋಯಿತು. ಹೊಸ ನೆಪ ಬೇಕಾಗಿತ್ತು.

ಅದನ್ನು ಒದಗಿಸಿದವನು ಎಫ್ರಾಯಿಂ. ದೋಹಾದ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವ ಅಮೆರಿಕದ ಯಹೂದಿ. ಅವನ ಗಂಡು ಬೆಕ್ಕು ಸೋಫಾ, ಪರದೆ, ಶೂ ಯಾವುದನ್ನೂ ಬಿಡದೆ ಉಚ್ಚೆ ಹೊಯ್ದು ಮನೆಯನ್ನೆಲ್ಲ ನಾರಿಸುತ್ತಿತ್ತು.

"ಬೀಜ ತೆಗೆಸಿಬಿಡು, ಆ ಚಟ ಖಲಾಸ್" ಎಂದ ರಾಕೇಶ್. ಬೆಕ್ಕಿನ ವಿಷಯದಲ್ಲಿ ಅವನು ಬಹಳ ಧಾರಾಳಿ.

ಎಫ್ರಾಯಿಂ ಒಪ್ಪಲಿಲ್ಲ. ಅವರ ಶಾಸ್ತ್ರದಲ್ಲಿ ಅದು ನಿಷಿದ್ಧವಂತೆ. ಮನುಷ್ಯನಾಗಲಿ ಪ್ರಾಣಿಯಾಗಲಿ, ಗಂಡಿನ ಬೀಜಕ್ಕೆ ಕತ್ತಿ ಹಾಕುವಂತಿಲ್ಲ. ಬೇರೆಯವರಿಗೆ ಹೇಳಿ ಮಾಡಿಸುವಂತೆಯೂ ಇಲ್ಲ. ಹೆಂಗಸರ ವಿಷಯದಲ್ಲಿ ಮಾತ್ರ ಅಷ್ಟು ಬಿಗಿಯಿಲ್ಲ.

ರಾಕೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಂಕಷ್ಟಿಯ ದಿನವೂ ಅಲ್ ಮನ್ಸೂರಾದ ಹೋಟೆಲಿಗೆ ಹೋಗಿ ಬಿರಿಯಾನಿ ತಿಂದು ಬರುವ ಮಹಾಶಯ, ಬಿನ್ ಒಮ್ರಾನ್ ಬಡಾವಣೆಯ ತನ್ನ ಮನೆ ಮುಟ್ಟುವಷ್ಟರಲ್ಲಿ ಯಹೂದಿಗಳ ಮೋಶೆಯ ಕಾನೂನಿನ ಪರಮಭಕ್ತನಾಗಿದ್ದ.

"ನೋಡೇ, ಸಾವಿರಾರು ವರ್ಷದ ಶಾಸ್ತ್ರ. ಗಂಡಸಿಗೆ ಮಾಡಿಸಲೇಬಾರದಂತೆ."

"ಹಾಗಾದ್ರೆ ಆ ಧರ್ಮಕ್ಕೆ ಸೇರ್ಕೊಂಡುಬಿಡಿ" ಎಂದಳು ಜಾಹ್ನವಿ. "ಮೊದಲು ಸುನ್ನತಿ ಮಾಡಿಸ್ಕೋಬೇಕಂತೆ. ಅದಕ್ಕೂ ಕತ್ತೀನೇ ಬೇಕು ಕಣ್ರೀ."

ಭಕ್ತ ಊಟಕ್ಕೆ ಎದ್ದು ಹೋದ.

ಆ ವಾರವೇ ಎಫ್ರಾಯಿಂ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಅವರ ಮನೆಗೆ ಬಂದ. "ಇವತ್ತಿನಿಂದ ಇದು ಪೂರ್ತಿ ನಿಮ್ಮದು. ಏನು ಮಾಡಿ ಅಂತ ನಾನು ಹೇಳೋದಿಲ್ಲ" ಎಂದ. ಹೀಗೆ ಪ್ರಾಣಿಯನ್ನೇ ಬೇರೆ ಧರ್ಮದವರಿಗೆ ಕೊಟ್ಟುಬಿಡುವುದು ಅವರ ಪಂಡಿತರಲ್ಲಿ ಕೆಲವರು ಒಪ್ಪುವ ದಾರಿಯಂತೆ. ಹೋಗುವಾಗ ಪಾಪ, ಅವನ ಕಣ್ಣು ತುಂಬಿತ್ತು.

ಮಾರನೇ ದಿನ ರಾಕೇಶನೇ ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ದು ಕೆಲಸ ಮುಗಿಸಿಕೊಂಡು ಬಂದ. ಆದರೆ ಅರಿವಳಿಕೆಯ ಅಮಲು ಇಳಿಯದೆ ತೂರಾಡುವ ಆ ಜೀವವನ್ನು ಕಂಡು ಅವನ ಕರುಳು ಚುರ್ರೆಂದಿತು. ರಜೆ ಹಾಕಿದ. ತನ್ನ ದಿಂಬನ್ನೇ ಹಾಸಿಕೊಟ್ಟ. ಕೋಳಿ ಬೇಯಿಸಿ, ಮೂಳೆ ಬಿಡಿಸಿ, ಕೈಯಾರೆ ತಿನ್ನಿಸಿದ.

"ಹಾರಬೇಡ ಮರಿ, ಗಾಯ ಬಿಟ್ಕೊಳ್ಳತ್ತೆ" ಎಂದು ರಮಿಸಿದ.

ಬಾಗಿಲಲ್ಲಿ ನಿಂತಿದ್ದ ಜಾಹ್ನವಿಗೆ ತಡೆಯಲಾಗಲಿಲ್ಲ.

"ಎರಡು ಹೆರಿಗೇಗೂ ನಮ್ಮಮ್ಮಂಗೆ ಇಲ್ಲಿಗೆ ಬರೋಕಾಗ್ಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೇ ದಿನಾನೇ ಹೊಟ್ಟೆ ಹಿಡ್ಕೊಂಡು ನಿಮಗೆ ಚಪಾತಿ ಲಟ್ಟಿಸಿದ್ದೀನಿ. ಗಾಯ ಬಿಟ್ಕೊಳ್ಳತ್ತೆ ಅನ್ನೋ ಈ ಮಾತನ್ನ ನನಗೆ ಒಂದು ಸಲಾನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಚಪಾತಿ ಗಟ್ಟಿಯಾಗಿದೆ ಎಂದು ಹೇಳಿದ್ದು ಮಾತ್ರ ರಾಕೇಶನಿಗೆ ಚೆನ್ನಾಗಿ ನೆನಪಿತ್ತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಭಾನುವಾರಾನೂ ರಜೆ ಹಾಕ್ತೀನಿ" ಎಂದ ಮೆಲ್ಲಗೆ. ದೋಹಾದಲ್ಲಿ ವಾರದ ಕೆಲಸ ಶುರುವಾಗುವುದೇ ಭಾನುವಾರ.

"ಬೆಕ್ಕಿಗಾ?"

"ಅಲ್ಲ ಕಣೇ. ನನ್ನ ಆಪರೇಷನ್‌ಗೆ."

ಜಾಹ್ನವಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೊದಲು ಮಾಡಿಸ್ಕೊಂಡು ಬನ್ನಿ. ಬಾಣಂತನದ ಮಾತು ಆಮೇಲೆ."