ಟೈಮ್ ಸರಿಯಾಗಿಯೇ ಇದೆ

ನೀರಿನ ಮೋಟಾರಿಗೆ ಕೂರಿಸಿದ್ದ ಟೈಮರಿನ ಪುಟ್ಟ ಪರದೆ, ಕರೆಂಟಿಲ್ಲದಿದ್ದರೂ ಒಳಗಿನ ಬ್ಯಾಟರಿಯಿಂದ, ‘ಆಫ್’ ಎಂದೇ ತೋರಿಸುತ್ತಿತ್ತು. ಪಂಪ್ ಕೋಣೆಯ ಬಾಗಿಲಿಗೆ ಮುತ್ತಿಕೊಂಡಿದ್ದವರಲ್ಲಿ ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಇಣುಕಿ ಅದನ್ನೇ ನೋಡುತ್ತಿದ್ದರು. ತಾರಸಿಯ ಟ್ಯಾಂಕು ತುಂಬಿ ಹರಿದ ನೀರು ಮೆಟ್ಟಿಲುಗಳಿಂದ ಇನ್ನೂ ಇಳಿದು ಬರುತ್ತಿತ್ತು. ಯಾವುದೋ ಮಗುವಿನ ಚಪ್ಪಲಿಯೊಂದು ತೇಲಿಬಂದು ಪಾರ್ಕಿಂಗ್ ಜಾಗದ ಮೋರಿಯ ಜಾಲರಿಗೆ ಸಿಕ್ಕಿಕೊಂಡಿತ್ತು.

“ಮೇಡಂ, ನೀವೇ ನೋಡಿ ಹೇಳಿ. ನೀವೇ ಕೂರಿಸಿದ್ದು. ಟೈಮರ್ ಕೆಟ್ಟಿದೆಯಾ?” ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದ ಸೆಕ್ರೆಟರಿ ಕೇಳಿದರು.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಅವಳನ್ನು ಆ ಕಟ್ಟಡದಲ್ಲಿ ಎಲ್ಲರೂ ಮೇಡಂ ಎಂದೇ ಕರೆಯುವುದು. ಅವಳು ಮುಂದೆ ಹೋಗಿ ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ವಾರ ಸರಿಯಿತ್ತು. ಗಡಿಯಾರ ಸರಿಯಿತ್ತು. ಬೆಳಿಗ್ಗೆ ಮೋಟಾರು ಶುರುವಾಗುವ ಹೊತ್ತು, ನಿಲ್ಲುವ ಹೊತ್ತು, ಮಧ್ಯಾಹ್ನದ್ದು, ಎಲ್ಲ ತಾನು ಹಾಕಿದ ಹಾಗೇ ಇದ್ದವು. ಕೊನೆಯ ಗುಂಡಿ ಒತ್ತುವ ಮೊದಲೇ ಏನಾಗಿದೆಯೆಂದು ಅವಳಿಗೆ ಹೊಳೆದುಹೋಗಿತ್ತು.

“ಟೈಮ್ ಸರಿಯಾಗಿಯೇ ಇದೆ,” ಎಂದಳು.

ಸುಳ್ಳೇನೂ ಅಲ್ಲ. ಆ ಮೂರು ಮಾತುಗಳಲ್ಲಿ ಒಂದನ್ನೂ ಯಾರೂ ತಪ್ಪೆನ್ನುವಂತಿರಲಿಲ್ಲ. ಅಷ್ಟು ಹುಷಾರಾಗಿ ಆರಿಸಿದ್ದಳು.

“ಕೇಳಿದ್ರಲ್ಲ?” ಸೆಕ್ರೆಟರಿ ಗುಂಪಿನತ್ತ ತಿರುಗಿದರು. “ಮೇಡಂ ಹೇಳಿದ ಮೇಲೆ ಮುಗೀತು. ಮಷೀನು ಹೊತ್ತಿಗೆ ಸರಿಯಾಗಿ ನಿಲ್ಲಿಸಿದೆ. ಆಮೇಲೆ ಯಾರೋ ಕೈಯಲ್ಲಿ ಹಾಕಿದ್ದಾರೆ.”

ಎಲ್ಲರೂ ನೀರಕ್ಕನ ಕಡೆ ನೋಡಿದರು. ಪಂಪ್ ಕೋಣೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಗಂಡ ತೀರಿಕೊಂಡ ಮೇಲೂ ಒಬ್ಬಳೇ ಇದ್ದುಕೊಂಡು, ಕಟ್ಟಡ ಗುಡಿಸಿ ಒರೆಸಿ, ಟೈಮರ್ ಬರುವವರೆಗೆ ದಿನಕ್ಕೆರಡು ಸಲ ಮೋಟಾರು ಹಾಕಿ ನಿಲ್ಲಿಸುತ್ತಿದ್ದ ಹೆಂಗಸು. ಹಾಗಾಗಿ ಆ ಹೆಸರು. ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಹಿಂಡಿಕೊಳ್ಳುವುದು ಅವಳಿಗೆ ನೆನಪಿರಲಿಲ್ಲ.

“ನಾನು ಊರೊಳಗೇ ಇರ್ಲಿಲ್ಲ ಸಾರ್. ತಂಗಿ ಮನೆಗೆ ಹೋಗಿದ್ದೆ. ಬಂದು ನೋಡ್ತೀನಿ, ಮೆಟ್ಲೆಲ್ಲ ನೀರು. ಓಡಿಹೋಗಿ ಟೈಮರ್ ಪಕ್ಕದ ಸ್ವಿಚ್ಚು ಆ ಕಡೆ ಈ ಕಡೆ ಹಾಕಿದೆ, ನಿಲ್ಲಲೇ ಇಲ್ಲ. ಕೊನೆಗೆ ಮೇನ್ ಸ್ವಿಚ್ಚೇ ಕೆಡವಿದೆ.”

“ನೋಡಿದ್ರಾ, ಅವಳ ಬಾಯಲ್ಲೇ ಬಂತು. ಪಕ್ಕದ ಸ್ವಿಚ್ಚು ಮುಟ್ಟಿದೆ ಅಂತಾಳೆ.”

“ನಿಲ್ಸೋಕೆ ಸಾರ್!”

“ಡ್ರಮ್ಮು ತುಂಬಿಸ್ಕೊಳ್ಳೋಣ ಅಂತ ಹಾಕಿರ್ತೀಯ. ಮರೆತು ತಂಗಿ ಮನೆಗೆ ಹೋಗಿರ್ತೀಯ. ಒಪ್ಕೊಂಡ್ರೆ ಏನು ಗಂಟು ಹೋಗುತ್ತೆ?”

ಮೇಲಿನ ಮಹಡಿಯ ಅಜ್ಜ ಒದ್ದೆ ದಿಂಬನ್ನು ಸಾಕ್ಷಿಗೆಂಬಂತೆ ಕಂಕುಳಲ್ಲಿಟ್ಟುಕೊಂಡೇ ಇಳಿದುಬಂದಿದ್ದರು. “ನನ್ನ ಮಂಚ ದೋಣಿ ಆಗಿದೆಯಪ್ಪಾ. ಇನ್ನು ಹುಟ್ಟು ಹಾಕೋದೊಂದು ಬಾಕಿ,” ಎಂದರು. ಒಂದಿಬ್ಬರು ನಕ್ಕರು. ನಗು ಮುಗಿಯುವುದರೊಳಗೆ ತೀರ್ಮಾನವೂ ಆಗಿತ್ತು: ನೀರಕ್ಕ ಈ ವಾರದೊಳಗೆ ಕೋಣೆ ಖಾಲಿ ಮಾಡಬೇಕು.

ನೀರಕ್ಕ ಒಮ್ಮೆ ಮೇಡಂ ಕಡೆ ನೋಡಿದಳು. ಅವಳು ಟೈಮರಿನ ಕಡೆ ನೋಡುತ್ತಿದ್ದಳು.

*

ಅದನ್ನು ಕೂರಿಸಬೇಕೆಂದು ಹೊರಟದ್ದು ಅವಳ ಗಂಡ. ಕಟ್ಟಡದವರ ಸಭೆಯಲ್ಲಿ ಎದ್ದು ನಿಂತು, “ಎಲೆಕ್ಟ್ರಿಷಿಯನ್ ಯಾಕ್ರೀ? ನಮ್ಮನೇಲೇ ಇದ್ದಾಳೆ. ನನ್ನನ್ನೇ ಟೈಮರಿಟ್ಟು ಓಡಿಸೋಳಿಗೆ ನಿಮ್ಮ ಮೋಟಾರು ಯಾವ ಲೆಕ್ಕ?” ಎಂದು ನಗಿಸಿ, ಭಾನುವಾರ ಸಂಜೆ ಎಲ್ಲರೂ ಬಂದು ನೋಡಿ ಎಂದು ಕರೆದೂ ಬಿಟ್ಟಿದ್ದ.

ಬೋರ್ಡಿನ ಮೇಲೆ ಚಿತ್ರ ಬರೆಯುವುದು ಬಿಟ್ಟರೆ ಅವಳು ಸ್ಕ್ರೂಡ್ರೈವರ್ ಹಿಡಿದು ವರ್ಷಗಳೇ ಆಗಿದ್ದವು. ಆದರೂ ಚಿತ್ರವನ್ನು ಸರಿಯಾಗಿಯೇ ಬರೆದುಕೊಂಡಿದ್ದಳು. ಟೈಮರ್ ತಾನೇ ಮೋಟಾರಿನ ಭಾರ ಹೊರಬಾರದು. ಅದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿಗೆ ಸನ್ನೆ ಮಾಡಬೇಕು, ಭಾರವನ್ನು ಕಾಂಟ್ಯಾಕ್ಟರ್ ಹೊರಬೇಕು. ಮೋಟಾರು ಓಡುವಾಗ ಎಳೆಯುವ ಕರೆಂಟು ಬೇರೆ, ಎದ್ದು ನಿಲ್ಲುವಾಗ ಎಳೆಯುವುದು ಬೇರೆ, ಹಲವು ಪಟ್ಟು ಹೆಚ್ಚು. ಇದನ್ನು ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದವಳು ಅವಳೇ. ಕಾಂಟ್ಯಾಕ್ಟರ್ ಬಿಟ್ಟು ಬರೆದ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದವಳೂ ಅವಳೇ.

ಅಂಗಡಿಯಲ್ಲಿ ಅವಳಿಗೆ ಬೇಕಾದ ಕಾಂಟ್ಯಾಕ್ಟರ್ ಮುಗಿದುಹೋಗಿತ್ತು, ಮುಂದಿನ ವಾರ ಬರುತ್ತದೆ ಎಂದರು. ಸಂಜೆ ಜನ ಸೇರುವವರಿದ್ದರು. ಇಲ್ಲ, ಇವತ್ತಾಗುವುದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳುವುದನ್ನು ನೆನೆದೇ ಅವಳ ಕಿವಿ ಬಿಸಿಯಾಗಿತ್ತು. ಟೈಮರಿನ ಮೈಮೇಲೆ ಹದಿನಾರು ಆಂಪಿಯರ್ ಎಂದು ಬರೆದಿತ್ತಲ್ಲ, ಒಂದು ವಾರದ ಮಟ್ಟಿಗೆ ನಡೆದೀತು ಎಂದುಕೊಂಡು ಕರೆಂಟು ಬರುವ ಫೇಸ್ ತಂತಿಯನ್ನು ನೇರ ಅದರೊಳಗಿನ ಪುಟ್ಟ ಕಾಂಟ್ಯಾಕ್ಟಿಗೇ ಕೊಟ್ಟಳು, ಅಲ್ಲಿಂದ ಮೋಟಾರಿಗೆ. ಪಕ್ಕದಲ್ಲಿ, ಟೈಮರ್ ಆಫ್ ಇದ್ದಾಗಲೂ ಕೈಯಿಂದ ಹಾಕಲು ಒಂದು ಸ್ವಿಚ್ಚು. ಹೊತ್ತಾಯಿತು, ಒಳಗೆ ಟಕ್ ಎಂದಿತು, ಮೋಟಾರು ಗುರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನೀರಕ್ಕ. “ಈ ದರಿದ್ರ ಮೋಟಾರು ಕಾಯೋದರಲ್ಲೇ ನನ್ನ ಆಯಸ್ಸು ಕಳೀತು ಮೇಡಂ. ಇನ್ನು ಮಧ್ಯಾಹ್ನ ತಂಗಿ ಮುಖನಾದ್ರೂ ನೋಡ್ಕೊಂಡು ಬರ್ತೀನಿ.”

ಮುಂದಿನ ವಾರ ಪರೀಕ್ಷೆ ಬಂತು. ಆಮೇಲೆ ಮಗಳಿಗೆ ಜ್ವರ. ಆಮೇಲೆ ಟೈಮರ್ ಚೆನ್ನಾಗಿಯೇ ನಡೆಯುತ್ತಿದ್ದುದರಿಂದ ಕಾಂಟ್ಯಾಕ್ಟರ್ ಬರಲೇ ಇಲ್ಲ.

*

“ಕಾಂಟ್ಯಾಕ್ಟ್ ಬೆಸುಗೆ ಹಿಡಿದುಬಿಟ್ಟಿದೆ,” ಎಂದಳು ಊಟಕ್ಕೆ ಕೂತಾಗ. “ಪರದೆ ಆಫ್ ಅನ್ನುತ್ತೆ, ಒಳಗೆ ಮಾತ್ರ ಬಿಟ್ಟಿಲ್ಲ. ನೀರಕ್ಕ ಯಾವ ಸ್ವಿಚ್ಚು ಹಾಕಿದ್ರೂ ನಿಲ್ತಿರಲಿಲ್ಲ.”

ಗಂಡ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ ಮುಂಬಾಗಿಲ ಕಡೆ ನೋಡಿದ. “ಮೆಲ್ಲಗೆ ಮಾತಾಡು ಮಾರಾಯ್ತಿ. ಯಾರಿಗೆ ಗೊತ್ತು ಅದು?”

“ನನಗೆ.”

“ನಿನಗೆ ಗೊತ್ತಿರೋದೆಲ್ಲ ಊರಿಗೆ ಸಾರಬೇಕಾ? ಅಂಗಡಿ ಮುಚ್ಚೋದರೊಳಗೆ ಹೊಸದು ತಂದಿಟ್ಟು, ಬೆಳಿಗ್ಗೆ ಹಾಕಿಬಿಡು. ನಿನ್ನ ಪ್ರಿನ್ಸಿಪಾಲರ ಅತ್ತಿಗೆ ಇದೇ ಕಟ್ಟಡದಲ್ಲಿದ್ದಾಳೆ, ಮರೀಬೇಡ. ನೀರಕ್ಕಂಗೆ ಇನ್ನೆಲ್ಲಾದರೂ ಕೆಲಸ ನೋಡೋಣ. ನಾನೇ ಹೇಳಿ ಕೊಡಿಸ್ತೀನಿ.”

ಅವಳು ಬೇಡವೆನ್ನಲಿಲ್ಲ. ತನಗೂ ಅದೇ ಮಾತು ಬೇಕಾಗಿತ್ತು, ಬೇರೆಯವರ ಬಾಯಿಂದ ಬರಲಿ ಎಂದು ಕಾದಿದ್ದೆ ಎಂಬುದು ತಟ್ಟೆ ತೊಳೆಯುವಾಗ ತಿಳಿಯಿತು. ಮಗಳು ಬಂದು “ಅಮ್ಮಾ, ನೀರಕ್ಕ ಸುಳ್ಳು ಹೇಳಿದ್ಲಂತೆ ಹೌದಾ?” ಎಂದು ಕೇಳಿದಳು. “ಹೋಗಿ ಓದ್ಕೋ,” ಎಂದಳು.

*

ಬೆಳಿಗ್ಗೆ ಹೊಸ ಟೈಮರೂ ಕಾಂಟ್ಯಾಕ್ಟರೂ ಇದ್ದ ಚೀಲ ಹಿಡಿದು ಇಳಿದಾಗ ನೀರಕ್ಕನ ಕೋಣೆಯ ಬಾಗಿಲು ತೆರೆದಿತ್ತು. ಪಾತ್ರೆಗಳೆಲ್ಲ ಒಂದು ಹೊದಿಕೆಯೊಳಗೆ ಗಂಟಾಗಿದ್ದವು. ಅವಳನ್ನು ಕಂಡದ್ದೇ ನೀರಕ್ಕ ಟಾರ್ಚ್ ಹಿಡಿದು ಎದ್ದು ಬಂದಳು.

“ಪರವಾಗಿಲ್ಲ, ನೀವು ಕೂತ್ಕೊಳ್ಳಿ,” ಎಂದಳು ಅವಳು.

“ಕರೆಂಟಿಲ್ದೆ ಒಳಗೆ ಕತ್ತಲೆ ಮೇಡಂ. ಏನು ಕಾಣ್ಸುತ್ತೆ ನಿಮಗೆ?”

ಮೇನ್ ಕೆಳಗಿದೆಯೆಂದು ನೋಡಿಕೊಂಡು ಅವಳು ಟೈಮರಿನ ತಂತಿಗಳನ್ನು ಬಿಚ್ಚತೊಡಗಿದಳು. ನೀರಕ್ಕ ಪಕ್ಕದಲ್ಲಿ ನಿಂತು ಬೆಳಕು ಬಿಟ್ಟಳು.

“ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಮೇಡಂ,” ಎಂದಳು ನೀರಕ್ಕ. “ನಾನೇ ಹಾಕಿರ್ಬೇಕು. ಹೊರಡೋ ಅವಸರದಲ್ಲಿ ಹಳೇ ಅಭ್ಯಾಸ, ಕೈ ತಾನಾಗೇ ಹೋಗಿರುತ್ತೆ. ನೆನಪೇ ಆಗ್ತಿಲ್ಲ. ಆದ್ರೆ ನೀವು ನೋಡಿ ಹೇಳಿದ್ರಲ್ಲ, ನೀವ್ಯಾಕೆ ಸುಳ್ಳು ಹೇಳ್ತೀರಿ? ಈ ಕಟ್ಟಡದಲ್ಲಿ ನನ್ನನ್ನ ‘ನೀವು’ ಅಂತ ಮಾತಾಡ್ಸೋರು ನೀವೊಬ್ರೇ. ಅಂಥಾ ನಿಮ್ಮ ಕೆಲಸಕ್ಕೇ ಕೆಟ್ಟ ಹೆಸರು ತಂದೆ. ಮನಸ್ಸಿಗೆ ಹಚ್ಕೋಬೇಡಿ.”

ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ತಾಗಿತು. ನೋಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬಿಚ್ಚಿದ ಟೈಮರ್ ಅಂಗೈಯಲ್ಲಿತ್ತು. ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರೆ ಆಯಿತು; ಹೊಸದು ಕೂರಿಸಿದರೆ ಆಯಿತು. ಎದುರಿನವಳು ತಪ್ಪನ್ನು ಒಪ್ಪಿಕೊಂಡೂ ಆಗಿತ್ತು, ಮೇಲೆ ತನಗೇ ಸಮಾಧಾನವನ್ನೂ ಹೇಳಿದ್ದಳು.

ಅವಳು ಚೀಲದಿಂದ ಕರೆಂಟಿನ ದಾರಿ ಪರೀಕ್ಷಿಸುವ ಮೀಟರ್ ತೆಗೆದು, ಅದರ ಎರಡು ಕಡ್ಡಿಗಳನ್ನು ಟೈಮರಿನ ಎರಡು ಸ್ಕ್ರೂಗಳಿಗೆ ಒತ್ತಿದಳು. ಮೀಟರ್ ಕೀಂ ಎಂದು ಒಂದೇ ಸಮನೆ ಕೂಗಿತು.

“ಏನದು?”

“ಇದು ಕೂಗಬಾರದು,” ಎಂದಳು. “ಪರದೆ ನೋಡಿ, ಆಫ್ ಅಂತಿದೆ. ಆಫ್ ಇದ್ದಾಗ ಒಳಗಿನ ಎರಡು ತುಂಡು ಬಿಟ್ಕೋಬೇಕು. ಬಿಟ್ಟಿಲ್ಲ, ಸುಟ್ಟು ಅಂಟಿಕೊಂಡಿವೆ. ನೀವು ಏನೂ ಹಾಕಿಲ್ಲ. ನಾನು ವೈರಿಂಗ್ ತಪ್ಪು ಮಾಡಿದ್ದೆ. ತಪ್ಪು ಅಂತ ಗೊತ್ತಿದ್ದೇ ಮಾಡಿದ್ದೆ.”

ನೀರಕ್ಕ ಟೈಮರನ್ನು ನೋಡಿದಳು, ಮೀಟರನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

“ನಿನ್ನೆ, ಎಲ್ಲರ ಮುಂದೆ ಬಟನ್ ಒತ್ತಿ ನೋಡಿದ್ರಲ್ಲ. ಆಗ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

ಟಾರ್ಚ್ ಆರಿತು. ಬೈಯಲಿ ಎಂದು ಅವಳು ಕಾದಳು. ಬೈದರೆ ಸಾಕಿತ್ತು.

“ಬನ್ನಿ ಮೇಲೆ,” ಎಂದಳು ನೀರಕ್ಕ. ಹಿಂದೆ ಸೇರಿಸುವ ‘ಮೇಡಂ’ ಇರಲಿಲ್ಲ. “ಮೊದ್ಲು ಸೆಕ್ರೆಟರಿ ಮನೆ. ಆಮೇಲೆ ಮಿಕ್ಕೋರು. ಎಲ್ಲರ ಮುಂದೆ ಅಂದ ಮೇಲೆ ಎಲ್ಲರ ಮನೆಗೂ.”

ಒದ್ದೆ ಮೆಟ್ಟಿಲ ಮೇಲೆ ನೀರಕ್ಕ ಮುಂದೆ, ಅವಳು ಹಿಂದೆ. ಮೊದಲ ಮಹಡಿಯಲ್ಲಿ ಹಾಲು ತಗೊಳ್ಳುತ್ತಿದ್ದ ಹೆಂಗಸು ಇಬ್ಬರನ್ನೂ ನೋಡಿ, “ರಿಪೇರಿ ಆಯ್ತಾ ಮೇಡಂ?” ಎಂದಳು. ಅವಳು ಟೈಮರನ್ನೂ ಮೀಟರನ್ನೂ ಹಿಡಿದು ನೀರಕ್ಕನ ಹಿಂದೆಯೇ ಹತ್ತಿದಳು. ಹೆಂಗಸು ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತಳು.

ಬಾಗಿಲು ಬಡಿದದ್ದು ನೀರಕ್ಕ. ಸೆಕ್ರೆಟರಿ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ತೆರೆದರು. “ಏನೇ, ಬೆಳಬೆಳಿಗ್ಗೆ ಮತ್ತೆ...” ಎಂದವರು ಹಿಂದೆ ನಿಂತವಳನ್ನು ಕಂಡು ದನಿ ಬದಲಿಸಿದರು. “ಓ, ಮೇಡಂ! ಬನ್ನಿ ಬನ್ನಿ, ಒಳಗೆ ಬನ್ನಿ. ಇವಳೇನಾದ್ರೂ ನಿಮ್ಮ ಹತ್ರ ಅತ್ತು ಕರೆದು ಮಾಡಿದ್ಲಾ? ನಿಮ್ಮ ಮನಸ್ಸು ಮೆತ್ತಗೆ ಅಂತ ಎಲ್ಲರಿಗೂ ಗೊತ್ತು.”

“ಒಳಗೆ ಬರಲ್ಲ ಸಾರ್,” ಎಂದಳು ಅವಳು. “ಇಲ್ಲೇ ನೋಡಿ. ದಯವಿಟ್ಟು ಮನೆಯವರನ್ನೂ ಕರೀರಿ.”

ಮೆಟ್ಟಿಲ ದೀಪಗಳೂ ಪಂಪ್ ಕೋಣೆಯ ಮೇನಿನವೇ, ಕರೆಂಟಿರಲಿಲ್ಲ. ಮಬ್ಬಿನಲ್ಲಿ ಅವಳ ಕಡ್ಡಿಗಳು ಸ್ಕ್ರೂ ಸಿಗದೆ ಟೈಮರಿನ ಮೈಮೇಲೆ ತಡಕಾಡಿದವು. ಒಮ್ಮೆ ಜಾರಿದವು, ಮತ್ತೆ ಜಾರಿದವು. ಆಗ ಪಕ್ಕದಿಂದ ಟಾರ್ಚಿನ ಬೆಳಕು ಬಂದು ಆ ಎರಡು ಸ್ಕ್ರೂಗಳ ಮೇಲೆ ನಿಂತಿತು. ಅವಳು ಕಡ್ಡಿಗಳನ್ನು ಒತ್ತಿ ಹಿಡಿದಳು, ಮೀಟರ್ ಕೂಗಿತು. ಬೆಳಕು ಅಲುಗಾಡಲಿಲ್ಲ.